ಹನ್ನೆರಡು ತೂತಿನ ಮಿಕ್ಸರ್

ಮೈಕ್‌ಸೆಟ್ ಇಟ್ಟುಕೊಂಡವನ ಬಾಳಿನಲ್ಲಿ ಮಾನ ಹೋಗುವ ಪ್ರಸಂಗಗಳಿಗೆ ಬರವೇ ಇಲ್ಲ. ಹೋಗುವುದು ಯಾರ ಮಾನ ಅನ್ನುವುದು ಮಾತ್ರ ಪ್ರತಿ ಸಲ ಬದಲಾಗುತ್ತದೆ.

ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿ. ಮದುವೆ, ನಾಮಕರಣ ಎಲ್ಲಾ ಇದ್ದದ್ದೇ, ಆದರೆ ನನ್ನ ಹೊಟ್ಟೆ ತುಂಬಿಸುವುದು ಪೌರಾಣಿಕ ನಾಟಕ. ನಮ್ಮ ಕಡೆ ರೈತರು, ಡ್ರೈವರುಗಳು, ಸೈಟ್ ಬ್ರೋಕರುಗಳು ಸೇರಿ, ಕೈಯಿಂದಲೇ ದುಡ್ಡು ಹಾಕಿ ಪಾರ್ಟು ಹಿಡಿದು, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಮೂರು ತಿಂಗಳು ಹಾಡು ಕಲಿತು ಮಹಾಭಾರತ ಆಡುತ್ತಾರೆ. ಯುದ್ಧ ಯಾರು ಗೆದ್ದರೂ ಮೈಕು ನನ್ನದು.

ದುರ್ಯೋಧನನ ಪಾರ್ಟು ಯಾವಾಗಲೂ ತೂಬಗೆರೆ ಕಡೆಯ ಯಜಮಾನರೊಬ್ಬರದು. ಹೋಬಳಿಯ ಯಾವ ಮದುವೆಗೆ ಯಾರ ಮೈಕು ಅನ್ನುವುದೂ ಅವರ ಬಾಯಲ್ಲೇ ತೀರ್ಮಾನ. ಅವರೊಮ್ಮೆ "ಅವನು ಬೇಡ" ಅಂದರೆ ನಾನು ಅಂಗಡಿಗೆ ಬೀಗ ಹಾಕಿ ಏರ್‌ಪೋರ್ಟಿಗೆ ಕ್ಯಾಬ್ ಓಡಿಸಬೇಕು. ಅಂಥವರು ಈ ಸಲ ಅಂಗಡಿಗೇ ಬಂದು ಅಪ್ಪಣೆ ಮಾಡಿದರು:

"ತಾಲೀಮಿನ ಹಾಡು ರೆಕಾರ್ಡ್ ಮಾಡಪ್ಪಾ. ಎಲ್ಲಾರ್ದೂ ಕಲಸಿ ಕೊಡ್ಬೇಡ. ನನ್ನ ದನಿ ಬೇರೇನೇ ಬರ್ಬೇಕು. ಬೀಗರಿಗೆ ಕಳಿಸ್ಬೇಕು."

ನನ್ನದು ಹಳೆಯ ಅನಲಾಗ್ ಮಿಕ್ಸರ್. ಹನ್ನೆರಡು ಮೈಕು ಒಳಗೆ ಹೋದರೂ ಹೊರಗೆ ಬರುವುದು ಒಂದೇ ಸಾರು. ಹೊಸದು ಕೊಳ್ಳುವ ಮಾತೆತ್ತಿದರೆ ಹೆಂಡತಿ ಮೂರು ದಿನ ಮಾತು ಬಿಡುತ್ತಾಳೆ. ಹಾಗಾಗಿ ಇರುವುದನ್ನೇ ಬಿಚ್ಚಿ, ಒಂದೊಂದು ಮೈಕಿಗೂ ಒಂದೊಂದು ತಂತಿ ಬೆಸೆದು, ಹಿಂದೆ ಹನ್ನೆರಡು ತೂತು ಕೊರೆದು ಹೊರಗೆಳೆಯುವುದೆಂದು ನಿರ್ಧರಿಸಿದೆ. ಇದಕ್ಕೆ ಡೈರೆಕ್ಟ್ ಔಟ್ ಅನ್ನುತ್ತಾರೆ. ಎಲ್ಲರ ದನಿ ಬೇರೆ ಬೇರೆಯಾಗಿ ರೆಕಾರ್ಡ್ ಆಗುತ್ತದೆ. ಅದರಿಂದ ಏನೇನು ಆಗಬಹುದು ಎಂದು ಯೋಚಿಸುವಷ್ಟು ಬುದ್ಧಿ ಆಗ ನನಗಿರಲಿಲ್ಲ.

ಎಣ್ಣೆ

ತೂತು ಕೊರೆಯಲು ನನ್ನ ಹತ್ತಿರ ಒಳ್ಳೆಯ ಡ್ರಿಲ್ ಇರಲಿಲ್ಲ. ತಾಲೀಮು ನಡೆಯುವ ಹಾಲಿನ ಪಕ್ಕದಲ್ಲೇ ಪವರ್‌ಲೂಮ್ ಇಟ್ಟುಕೊಂಡಿದ್ದ ಅಣ್ಣನೊಬ್ಬ "ಅಯ್ಯೋ, ತಗೊಂಬಾ ಗುರು, ಐದು ನಿಮಿಷದ ಕೆಲಸ" ಅಂದ. ನಿಜವಾಗಿಯೂ ಐದೇ ನಿಮಿಷ. ಹನ್ನೆರಡು ತೂತು, ಒಂದಕ್ಕಿಂತ ಒಂದು ಚೆನ್ನ. ನಾನು ಖುಷಿಯಿಂದ ಟೀ ತರಲು ಹೋದೆ.

ಅದೇ ತಪ್ಪಾಯಿತು. ಮಗ್ಗದವರಿಗೆ ಎಣ್ಣೆ ಬಿಡದೆ ಯಾವ ಯಂತ್ರದ ಕೆಲಸವೂ ಮುಗಿದಂತೆ ಅನ್ನಿಸುವುದಿಲ್ಲ. ವಾಪಸು ಬಂದು ನೋಡಿದರೆ ಅಣ್ಣ ಎಣ್ಣೆ ಡಬ್ಬಿ ಹಿಡಿದು ನಿಂತಿದ್ದಾನೆ. ಮಿಕ್ಸರ್ ಮೇಲಿನ ಫೇಡರುಗಳಿಗೆ, ಅಂದರೆ ದನಿ ಏರಿಸಲು ಇಳಿಸಲು ಮೇಲೆ ಕೆಳಗೆ ಜಾರಿಸುವ ಗುಂಡಿಗಳಿಗೆ, ಹನ್ನೆರಡಕ್ಕೂ ಧಾರಾಳವಾಗಿ ಎಣ್ಣೆ ಅಭಿಷೇಕ ಆಗಿತ್ತು.

"ತುಂಬಾ ಬಿಗಿ ಇದ್ವು ಗುರು. ಈಗ ನೋಡು!" ಎಂದು ಮಿಕ್ಸರನ್ನು ಸ್ವಲ್ಪ ಓರೆ ಮಾಡಿದ. ಹನ್ನೆರಡು ಫೇಡರೂ ತಾವಾಗಿಯೇ ಸರ್ರನೆ ಕೆಳಗೆ ಬಂದು ಕೂತವು.

ಸ್ಪಿರಿಟ್ಟಿನಲ್ಲಿ ಒರೆಸಲು ನನಗೆ ಎರಡು ದಿನ ಹಿಡಿಯಿತು. ಮೂರನೇ ದಿನ ಅಣ್ಣ ಎದುರಿಗೆ ಸಿಕ್ಕಿ ಕಾಳಜಿಯಿಂದ ಕೇಳಿದ: "ಮುಂದಿನ ಸರ್ವೀಸಿಗೆ ಯಾವಾಗ ತರ್ತೀಯಾ?"

ತಾಳ

ತಂತಿ ಬೆಸೆದಾಯಿತು, ಭಾನುವಾರ ಮಧ್ಯಾಹ್ನ ತಾಲೀಮಿನಲ್ಲಿ ರೆಕಾರ್ಡಿಂಗ್ ಶುರು ಮಾಡಿದೆ. ಮೊದಲೆಲ್ಲ ಎಲ್ಲರ ಕಿರುಚಾಟದಲ್ಲಿ ಮುಚ್ಚಿಹೋಗುತ್ತಿದ್ದ ಮಗ್ಗದ ಸದ್ದು ಈಗ ಒಂದೊಂದು ಮೈಕಿನಲ್ಲೂ ಸ್ಪಷ್ಟವಾಗಿ ಕೇಳತೊಡಗಿತು. ಕೃಷ್ಣ ಶಾಂತಿ ಸಂಧಾನ ಮಾಡುತ್ತಿದ್ದರೆ ಹಿಂದೆ ಲಟಪಟ, ಲಟಪಟ.

ಹೋಗಿ ಅಣ್ಣನ ಕೈಕಾಲು ಹಿಡಿದೆ. ಪುಣ್ಯಾತ್ಮ, ಒಂದು ಗಂಟೆ ಹೊತ್ತು ಎಂಟೂ ಮಗ್ಗ ನಿಲ್ಲಿಸಿದ. ಹಾಲಿನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಮೇಷ್ಟ್ರು ಶ್ರುತಿ ಹಿಡಿದರು. ಕೃಷ್ಣ ಬಾಯಿ ತೆರೆದ, ಎರಡನೇ ಸಾಲಿಗೇ ತಾಳ ತಪ್ಪಿದ. ಅರ್ಜುನ ಬಂದ, ಅವನೂ ತಪ್ಪಿದ. ಭೀಮ ಎಲ್ಲಿ ಶುರು ಮಾಡಬೇಕೆಂದು ತಿಳಿಯದೆ ಗದೆ ಹಿಡಿದು ನಿಂತೇ ಇದ್ದ.

ಮೂರು ತಿಂಗಳಿಂದ ಇವರೆಲ್ಲ ಕಲಿತದ್ದು ಮೇಷ್ಟ್ರ ತಾಳಕ್ಕಲ್ಲ, ಮಗ್ಗದ ತಾಳಕ್ಕೆ!

ಮೇಷ್ಟ್ರು ಹಣೆ ಚಚ್ಚಿಕೊಂಡು ಎದ್ದು, ಕಿಟಕಿಯಿಂದ ತಲೆ ಹಾಕಿ ಕೂಗಿದರು: "ಅಣ್ಣಾ, ಒಂದೇ ಒಂದು ಮಗ್ಗ ಹಾಕಪ್ಪಾ, ದಮ್ಮಯ್ಯ!"

ಆ ಕಡೆಯಿಂದ ಉತ್ತರ ಬಂತು: "ಹಂಗಾದ್ರೆ ಕರಪತ್ರದಾಗೆ ತಬಲದೋನ ಕೆಳಗೆ ನನ್ನ ಹೆಸರೂ ಹಾಕ್ಸಿ ಮೇಷ್ಟ್ರೇ."

ಶರಶಯ್ಯೆ

ಭೀಷ್ಮನ ಪಾರ್ಟು ದೇವನಹಳ್ಳಿಯ ಸೈಟ್ ಬ್ರೋಕರನದು. ಬಾಣದ ಮಂಚದ ಮೇಲೆ ಮಲಗಿದ ಮೇಲೆ ಅವನಿಗೆ ಬಹಳ ಹೊತ್ತು ಮಾತಿಲ್ಲ. ಹಾಗಾಗಿ ನಾನು ಅವನ ಫೇಡರ್ ಪೂರ್ತಿ ಇಳಿಸಿದ್ದೆ. ಸ್ಪೀಕರಿನಲ್ಲಿ ಅವನ ಉಸಿರೂ ಕೇಳುತ್ತಿರಲಿಲ್ಲ.

ಆದರೆ ನಾನು ಫೇಡರ್ ಆಡಿಸಿದಾಗ ರೆಕಾರ್ಡಿಂಗ್ ಏರುಪೇರಾಗಬಾರದೆಂದು ದನಿ ಫೇಡರಿಗೆ ತಲುಪುವ ಮುಂಚಿನ ಜಾಗದಿಂದಲೇ ತಂತಿ ಎಳೆದಿದ್ದೆ. ಮೇಲೆ ಏನೇ ಇಳಿಸಿದರೂ ತಂತಿಗೆ ಎಲ್ಲಾ ಗೊತ್ತಾಗುತ್ತದೆ. ಮುಂದಿನ ಭಾನುವಾರ ಎಲ್ಲರನ್ನೂ ಕೂರಿಸಿ ಭೀಷ್ಮನ ದನಿ ಹಾಕಿದಾಗಲೇ ನನಗೂ ಇದು ಹೊಳೆದದ್ದು. ಮೊದಲು ನರಳಾಟ ಕೇಳಿತು. ಆಮೇಲೆ ಪಿಸುಮಾತು:

"ಹಲೋ... ಇಲ್ಲ ಸಾರ್, ಮಲಗಿದೀನಿ... ಪತ್ರ ಎಲ್ಲಾ ಕ್ಲಿಯರ್ ಸಾರ್... ನೀವು ನಾಳೆ ಬಂದ್ಬಿಡಿ, ನಾನು ಇನ್ನೊಂದು ಅರ್ಧ ಗಂಟೆಲಿ ಪ್ರಾಣ ಬಿಟ್ಬಿಡ್ತೀನಿ, ಫ್ರೀ ಆಗ್ತೀನಿ..."

ಬ್ರೋಕರ್ ತಲೆ ತಗ್ಗಿಸಿದ. ಅರ್ಜುನ ಗಂಭೀರವಾಗಿ ಕೇಳಿದ: "ತಾತ, ಆ ಸೈಟು ಈಸ್ಟ್ ಫೇಸಿಂಗಾ?"

ಆರನೇ ನಂಬರ್

ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಬೆವರು ಕಿತ್ತುಕೊಂಡು ಬಂತು. ಯಾಕೆಂದರೆ ಭೀಷ್ಮನ ತಂತಿ ಹೇಗೋ, ದುರ್ಯೋಧನನ ತಂತಿಯೂ ಹಾಗೆಯೇ.

ಹೋಬಳಿಗೆಲ್ಲ ಗೊತ್ತಿದ್ದು ಯಜಮಾನರಿಗೆ ಮಾತ್ರ ಗೊತ್ತಿಲ್ಲದ ಗುಟ್ಟೊಂದಿತ್ತು. ಅವರು ಹಾಡಲು ಬಾಯಿ ತೆರೆದ ಕೂಡಲೇ ನಾನು ಅವರ ಫೇಡರ್ ಇಳಿಸಿ, ಹಿಂದೆ ಜೊತೆಗೇ ಹಾಡುವ ಮೇಷ್ಟ್ರದ್ದು ಏರಿಸುತ್ತಿದ್ದೆ. ಎಂಟು ವರ್ಷದಿಂದ ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಮೇಷ್ಟ್ರ ಕಂಠಕ್ಕೆ, ಕೈ ಮುಗಿಯುತ್ತಿದ್ದದ್ದು ಯಜಮಾನರು.

"ಆರನೇ ನಂಬರ್ ನಂದು. ಹಾಕಪ್ಪಾ" ಅಂದರು ಯಜಮಾನರು.

"ಅದು ಸ್ವಲ್ಪ ಸರಿ ಮಾಡ್ಕೊಂಡು ನಾಳೆ..." ಅಂದೆ.

"ಹಾಕ್ಲಾ ಅಂದ್ರೆ!"

ಹಾಕಿದೆ. ಆ ಸದ್ದನ್ನು ಏನೆಂದು ಹೇಳಲಿ, ಆಚೆ ಮಲಗಿದ್ದ ನಾಯಿ ಎದ್ದು ಹೋಯಿತು. ಮೇಷ್ಟ್ರು ಹಾರ್ಮೋನಿಯಂ ಹಿಂದೆ ಮುಖ ಮರೆಸಿಕೊಂಡರು. ನನ್ನ ಕಣ್ಣ ಮುಂದೆ ಕ್ಯಾಬಿನ ಹಳದಿ ನಂಬರ್ ಪ್ಲೇಟ್ ಬಂದು ನಿಂತಿತು.

ಯಜಮಾನರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. "ಈಗ ಮೇಷ್ಟ್ರದ್ದು ಹಾಕು" ಅಂದರು. ಹಾಕಿದೆ. ಜೇನಿನಂಥ ಕಂಠ. ಯಜಮಾನರ ಮುಖ ಅರಳಿತು.

"ಥೂ ನಿನ್ನ! ತಂತಿ ಅದಲು ಬದಲು ಮಾಡಿದೀಯಲ್ಲೋ! ಇದು ಕಣೋ ನನ್ನ ದನಿ. ಎಂಟು ವರ್ಷದಿಂದ ಸ್ಪೀಕರ್‌ನಾಗೆ ಕೇಳಿದೀನಿ, ನಂಗೊತ್ತಾಗಲ್ವಾ?"

ಹನ್ನೆರಡು ತಂತಿಯನ್ನೂ ಮೂರು ಸಲ ಪರೀಕ್ಷಿಸಿದ ನಾನು, ಎದೆ ಮೇಲೆ ಕೈ ಇಟ್ಟು ಹೇಳಿದೆ: "ಹೌದು ಯಜಮಾನ್ರೇ, ಬೆಸೆಯೋವಾಗ ತಪ್ಪಾಗೋಯ್ತು."

ಅಂಗಡಿ ಉಳಿಯಿತು ಎಂದು ಉಸಿರು ಬಿಟ್ಟೆ. ಯಜಮಾನರು ಮಾತ್ರ ಎದ್ದು ಹೋಗಿ ಮೇಷ್ಟ್ರ ಹೆಗಲ ಮೇಲೆ ಕೈ ಇಟ್ಟರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ವಯಸ್ಸಾದ ಮೇಲೆ ಗಂಟಲು ಹಿಂಗಾಗುತ್ತೆ. ಯಾರಿಗೂ ಹೇಳಲ್ಲ" ಅಂದವರು ನನ್ನ ಕಡೆ ತಿರುಗಿದರು. "ಲೇ, ನಾಟಕದ ದಿನ ಮೇಷ್ಟ್ರ ಮೈಕು ಪೂರ್ತಿ ಇಳಿಸ್ಬಿಡು, ಪಾಪ. ನಂದು ಪೂರ್ತಿ ಏರ್ಸು. ಹಾಡೆಲ್ಲಾ ನಾನೊಬ್ನೇ ನೋಡ್ಕೋತೀನಿ."