ಮನೆಯವರಿಗೆ ಮಾತ್ರ ಪುಕ್ಕಟೆ

ಒದ್ದೆ ಬಟ್ಟೆಗೆ ಕಾದ ಇಸ್ತ್ರಿಪೆಟ್ಟಿಗೆ ತಾಕಿದಾಗ ಏಳುವ ವಾಸನೆ ಬಂದರೆ ಅವನಿಗೆ ಇಂದಿಗೂ ಅಪ್ಪನ ಇಸ್ತ್ರಿ ಅಂಗಡಿ ನೆನಪಾಗುತ್ತದೆ. ಅಪ್ಪ ಕೋಟು-ಪ್ಯಾಂಟಿಗೂ ಕರವಸ್ತ್ರಕ್ಕೂ ಒಂದೇ ದರ ಇಟ್ಟು ಬೀದಿಯವರ ಬಾಯಿಗೆ ಬಿದ್ದಿದ್ದರು. ಈಗ ದರ ಇಡುವ ಸರದಿ ಮಗನದು.

ಅವನ ಸಾಫ್ಟ್‌ವೇರ್ ಸಣ್ಣದು. ಅಂಗಡಿಯವರು ಗುಂಡಿ ಒತ್ತಿದರೆ ಗಿರಾಕಿಯ ಫೋನಿಗೆ 'ನಿಮ್ಮ ಪ್ಯಾಂಟು ರೆಡಿ' ಎಂದೋ 'ನಿಮ್ಮ ವಾಚು ರೆಡಿ' ಎಂದೋ ಮೆಸೇಜು, ಕೆಳಗೆ ಕಳಿಸಿದವರ ಹೆಸರು. ಇಷ್ಟು ದಿನ ಬೀದಿಗೆಲ್ಲ ಪುಕ್ಕಟೆ. ಇವತ್ತು ಸಂಜೆಯೊಳಗೆ ಅದರಿಂದ ಕಾಸು ಹುಟ್ಟದಿದ್ದರೆ ನಾಳೆಯಿಂದ ಬಾಮೈದನ ಪೇಂಟ್ ಅಂಗಡಿಯಲ್ಲಿ ಡಬ್ಬ ಎತ್ತುವುದೆಂದು ಹೆಂಡತಿಯೊಡನೆ ಮಾತಾಗಿತ್ತು. ಬೆಳಿಗ್ಗೆಯೇ ಬೀದಿಯ ಮೂವರು ಅಂಗಡಿಯವರನ್ನು ಮನೆಗೆ ಕರೆಸಿ, ದರ ಹೇಗಿಡಲಿ ಎಂದು ಕೇಳಿದ.

"ಅಂಗಡಿಗಿಷ್ಟು ಅಂತ ಇಡಪ್ಪ," ಎಂದ, ಆರು ಕೈಯಾಳುಗಳ ಟೈಲರ್.

"ಆಹಾಹಾ! ಒಬ್ಬನೇ ಕೂರೋ ನಾನು ನಿನ್ನಷ್ಟೇ ಕೊಡ್ಲಾ? ತಲೆಗಿಷ್ಟು ಅಂತಿಡಿ ಸಾರ್," ಎಂದ ವಾಚ್ ರಿಪೇರಿಯವನು.

"ನನಗೆ ವಾರಕ್ಕೊಬ್ಬ ಗಿರಾಕಿ. ತಲೆ ಇದ್ದು ಏನು ಮಾಡ್ಲಿ?" ಎಂದ ಫೋಟೋಗೆ ಕಟ್ಟು ಹಾಕುವವನು.

ಮೂವರೂ ಒಂದೇ ಟೇಪನ್ನು ಮೂರು ಕಡೆ ಜಗ್ಗಿದಂತಾಗಿ ಅವನಿಗೆ ಬೆವರಿಳಿಯಿತು. "ಮೆಸೇಜಿಗಿಷ್ಟು! ಬಳಸಿದಷ್ಟಕ್ಕೇ ದುಡ್ಡು," ಎಂದವನು, ಮನೆಮಂದಿಯನ್ನು ಊಟಕ್ಕೆ ಕರೆಯಲೂ ಅದೇ ಗುಂಡಿ ಒತ್ತುವ ಅತ್ತೆ ಬಾಗಿಲಲ್ಲಿ ನಿಂತದ್ದು ಕಂಡು, "ನಮ್ಮ ಮನೆಯವರಿಗೆ ಮಾತ್ರ ಪುಕ್ಕಟೆ," ಎಂದು ಸೇರಿಸಿದ.

"ಇದು ನ್ಯಾಯ!" ಎಂದರು ಮೂವರೂ. ಅಷ್ಟು ಬೇಗ ಒಪ್ಪಿದ್ದೇ ಅವನಿಗೆ ಅನುಮಾನ ತಂದಿತು.

ಮಧ್ಯಾಹ್ನದವರೆಗೆ ಒಂದೂ ಮೆಸೇಜಿಲ್ಲ. ಅವನಿಗೆ ಊಟ ಸೇರಲಿಲ್ಲ. ಆಮೇಲೆ ಸುರಿಯತೊಡಗಿದವು ನೋಡಿ, ಬುಟ್ಟಿ ಮಗುಚಿದ ಹಾಗೆ! ಬಾಮೈದನಿಗೆ ಫೋನು ಮಾಡಿ, "ಡಬ್ಬ ಎತ್ತೋಕೆ ಬೇರೆಯವರನ್ನ ನೋಡ್ಕೊಳಪ್ಪ," ಎಂದುಬಿಟ್ಟ.

ಸಂಜೆ ಲೆಕ್ಕ ತೆಗೆದರೆ ಆದಾಯ ಸೊನ್ನೆ. ಕಣ್ಣುಜ್ಜಿಕೊಂಡು ಮೆಸೇಜುಗಳನ್ನು ಓದಿದ. 'ನಿಮ್ಮ ಪ್ಯಾಂಟು ರೆಡಿ. ಇಂತಿ, ಅತ್ತೆ.' 'ನಿಮ್ಮ ವಾಚು ರೆಡಿ. ಇಂತಿ, ಅತ್ತೆ.' ಬೀದಿಗೆ ಬೀದಿಯೇ ಅತ್ತೆಯಾಗಿತ್ತು!

"ಅತ್ತೆ, ನಿಮ್ಮ ಪಾಸ್‌ವರ್ಡು..."

"ಬಂದು ಕೇಳಿದ್ರು, ಹೇಳ್ದೆ. ಟೈಲರಣ್ಣ ನನ್ನ ಚೀಲ ಹರಿದಾಗ ಕಾಸೇ ಮುಟ್ಟದೆ ಹೊಲಿದುಕೊಟ್ಟಿದ್ದ. ವಾಚಿನವನು ಕನ್ನಡಕ ಸರಿಮಾಡಿಕೊಟ್ಟ. ಅಂಥವರಿಗೆ ಇಲ್ಲ ಅನ್ನೋದು ಹೇಗೆ ಅಳಿಯಂದಿರೇ?"

ಅವನು ಮತ್ತೆ ಫೋನೆತ್ತಿದ. "ನಾಳೆ ಎಷ್ಟೊತ್ತಿಗೆ ಬರಲಪ್ಪ?"

"ಬೆಳಗಾಗ್ತಾನೇ ಬನ್ನಿ ಭಾವ, ಲಾರಿ ಬರುತ್ತೆ."

ತಲೆ ಹಿಡಿದು ಕೂತವನ ಫೋನು ಟಿಣ್ ಎಂದಿತು. 'ನಿಮ್ಮ ಊಟ ರೆಡಿ. ಇಂತಿ, ಅತ್ತೆ.'

ಅವನು ತಲೆಯೆತ್ತಿದ. ಅತ್ತೆ ತಟ್ಟೆ ಮುಂದೆ ಹಿಡಿದಿದ್ದರು.