ಸೇನಾಪತಿಯ ಸಮುದ್ರಭಯ

ಬಹಳ ಹಿಂದೆ, ‘ನನ್ನ ಹೇಳಿಕೆಯನ್ನು ತಿರುಚಲಾಗಿದೆ’ ಎಂದು ದೂರಲು ಪತ್ರಿಕೆಗಳೇ ಇಲ್ಲದಿದ್ದ ಕಾಲದಲ್ಲಿ, ಸಮತೋಲಪುರಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ದಿಗಂತಸೇನ ಮಹಾರಾಜನಿಗೆ ರಾಜ್ಯಭಾರದ ನಡುವೆ ಬಿಡುವೋ ಬಿಡುವು. ಆಸ್ಥಾನಿಕರನ್ನು ಮೇಜಿನ ಸುತ್ತ ಕೂರಿಸಿಕೊಂಡು, ದಾಳ ಉರುಳಿಸುತ್ತ, ಪಾತ್ರದಾಟ ಆಡುತ್ತಿದ್ದ. ಒಬ್ಬೊಬ್ಬರೂ ಒಬ್ಬ ವೀರನನ್ನು ಕಲ್ಪಿಸಿಕೊಳ್ಳಬೇಕು. ಕಥೆ ನಡೆಸುವವನು ಸೂತ್ರಧಾರ ಹಂಪಣ್ಣ. ವೀರನಿಗೊಂದು ದೌರ್ಬಲ್ಯ ಒಪ್ಪಿಕೊಂಡರೆ ಅಂಕ ಸಿಗುತ್ತಿತ್ತು. ಆ ಅಂಕ ಕೊಟ್ಟು ಬೇಕಾದ ಕೌಶಲ ಕೊಳ್ಳಬಹುದಿತ್ತು. ಮುಂಗೋಪಿಗೆ ಕತ್ತಿವರಸೆ, ಮರೆಗುಳಿಗೆ ಮಂತ್ರವಿದ್ಯೆ.

ಒಂದು ದಿನ ಮಹಾರಾಜನಿಗೆ ಜ್ಞಾನೋದಯವಾಯಿತು: ಸಂಪುಟವನ್ನೂ ಹೀಗೇ ಏಕೆ ರಚಿಸಬಾರದು? ಕೂಡಲೇ ಡಂಗುರ ಹೊಡೆಸಿದ. ಹುದ್ದೆ ಬೇಕಾದವರು ದೌರ್ಬಲ್ಯ ಘೋಷಿಸತಕ್ಕದ್ದು, ಕೌಶಲವನ್ನು ಸರ್ಕಾರವೇ ಮಂಜೂರು ಮಾಡತಕ್ಕದ್ದು.

ಮೊದಲು ಎದ್ದವನು ರಣಧ್ವಜ. ಹಲಸಿನ ಹಣ್ಣು ಕೊಯ್ಯಲು ಬಿಟ್ಟರೆ ಬೇರೆ ಯಾವುದಕ್ಕೂ ಕತ್ತಿ ಹಿಡಿದವನಲ್ಲ.

“ಪ್ರಭೂ, ನನಗೆ ಘೋರವಾದ ಸಮುದ್ರಭಯ!”

ಸಮತೋಲಪುರಿಯ ಸುತ್ತ ಎಷ್ಟು ಹರದಾರಿ ನಡೆದರೂ ಸಮುದ್ರವಿರಲಿಲ್ಲ. ಆದರೂ ಆಸ್ಥಾನ ಕಣ್ಣೊರೆಸಿಕೊಂಡಿತು. ಅಷ್ಟು ದೊಡ್ಡ ಭಯಕ್ಕೆ ಅಷ್ಟೇ ದೊಡ್ಡ ಅಂಕ: ಕತ್ತಿವರಸೆ, ಗಜಾರೋಹಣ, ವ್ಯೂಹರಚನೆ, ಉಳಿದ ಚಿಲ್ಲರೆಗೆ ನಾಯಕತ್ವ ತರಬೇತಿ. ರಣಧ್ವಜ ಸೇನಾಪತಿಯಾದ.

ಹಂಪಣ್ಣನಿಗೆ ಮೈಯೆಲ್ಲ ಉರಿದುಹೋಯಿತು. “ಮಹಾಸ್ವಾಮಿ, ದೌರ್ಬಲ್ಯ ಅಂದಮೇಲೆ ಅದು ಕಾಡಬೇಕು. ಕಾಡದ ದೌರ್ಬಲ್ಯಕ್ಕೆ ಅಂಕ ಕೊಟ್ಟರೆ ಅದು ಆಟವಲ್ಲ, ಲೂಟಿ” ಎಂದುಬಿಟ್ಟ.

“ಸತ್ಯ! ಇಂದಿನಿಂದ ಕಾಟ ಕಡ್ಡಾಯ” ಎಂದ ಮಹಾರಾಜ, ಅನುಷ್ಠಾನಕ್ಕೆ ಉಪಸಮಿತಿ ನೇಮಿಸಿದ.

ಉಪಸಮಿತಿ ರಾಜ್ಯವೆಲ್ಲ ಸಮುದ್ರ ಹುಡುಕಿ, ಕೊನೆಗೆ ಊರ ಕೆರೆಯನ್ನು ‘ಸಮುದ್ರಸಮಾನ ಜಲರಾಶಿ’ ಎಂದು ಅಧಿಸೂಚನೆ ಹೊರಡಿಸಿತು. ರಣಧ್ವಜ ಏರಿಯ ಮೇಲೆ ನಿಂತು ನಿಯಮಾನುಸಾರ ನಡುಗಿದ. ಆದರೆ ಇಷ್ಟೊಂದು ಕೌಶಲವುಳ್ಳ ಸೇನಾಪತಿ ನಡುಗುತ್ತ ಕೂತರೆ ರಾಜ್ಯದ ಗತಿ? ಭಯ ಸೇನಾಪತಿಯದೇ ಇರಲಿ, ಅದರ ಕಾಟವನ್ನು ಸಾರ್ವಜನಿಕರಿಗೆ ವಹಿಸೋಣ ಎಂದು ಸಮಿತಿ ಶಿಫಾರಸು ಮಾಡಿತು. ಕೆರೆಗೆ ಬೇಲಿ ಬಿತ್ತು, ಕಾವಲು ಬಂತು. ಊರಿಗೆ ಇದ್ದದ್ದೇ ಅದೊಂದು ಕೆರೆ.

ಹಂಪಣ್ಣನ ಹೆಂಡತಿ ಸಾಕವ್ವ ಊರ ಹೆಂಗಸರ ಜೊತೆ ನೆರೆರಾಜ್ಯದಿಂದ ನೀರು ಹೊರಬೇಕಾಯಿತು. ಮೊದಲ ಕೊಡ ಇಳಿಸಿದವಳೇ ಶುರುಮಾಡಿದಳು: “ಕಾಡ್ಬೇಕು ಕಾಡ್ಬೇಕು ಅಂದ್ರಲ್ಲ, ನೋಡಿ ಈಗ ಯಾರನ್ನ ಕಾಡ್ತಾ ಐತೆ! ನಿಮ್ಮ ರಾಜಂಗೆ ಹೇಳಿ ಮೊದ್ಲು ಆ ಬೇಲಿ ಕೀಳ್ಸಿ. ನಾನು ಇನ್ನೊಂದು ಕೊಡ ತರೋಕೆ ಹೋಗ್ತೀನಿ.”

ತನ್ನ ಬಾಯಿಗೆ ತಾನೇ ಶಾಪ ಹಾಕಿಕೊಳ್ಳುತ್ತ ಹಂಪಣ್ಣ ಅರಮನೆಗೆ ಓಡಿದ. ಮಹಾರಾಜ ಅವನನ್ನು ಅಪ್ಪಿಕೊಂಡು ‘ಕಾಟರತ್ನ’ ಎಂದು ಬಿರುದು ಕೊಟ್ಟ. ಅಷ್ಟರಲ್ಲಿ ತಾನೂ ಒಂದು ದೌರ್ಬಲ್ಯ ಘೋಷಿಸಿಕೊಂಡಿದ್ದ: ದೂರುಗಳು ಕಿವಿಗೆ ಬೀಳುವುದಿಲ್ಲ. ಆ ಅಂಕದಲ್ಲಿ ಸಕಲ ವಿದ್ಯೆಗಳನ್ನೂ ಕೊಂಡು, ಮರುಪಟ್ಟಾಭಿಷೇಕಕ್ಕೆ ಸಿದ್ಧನಾಗಿ ಕೂತಿದ್ದ.

“ಮಹಾಸ್ವಾಮಿ, ಕೆರೆಯ ಬೇಲಿ ತೆಗೆಸಿ! ಜನಕ್ಕೆ ನೀರಿಲ್ಲ!”

ಮಹಾರಾಜ ನಿಯಮ ಮೀರದೆ ಮುಗುಳ್ನಕ್ಕ.

“ನೀರೇ? ಒಳ್ಳೆಯ ಸಮಯಕ್ಕೆ ನೆನಪಿಸಿದಿರಿ” ಎಂದ ಪಕ್ಕದಲ್ಲಿದ್ದ ಪುರೋಹಿತ. “ಅಭಿಷೇಕಕ್ಕೆ ಬೇಕಲ್ಲ.”

ಭಟರು ಕೋಟೆಬಾಗಿಲಿಗೆ ಹೋಗಿ, ನೆರೆರಾಜ್ಯದಿಂದ ಬರುತ್ತಿದ್ದ ಕೊಡಗಳನ್ನೆಲ್ಲ ಇಳಿಸಿಕೊಂಡರು. ಸಾಕವ್ವನ ಕೊಡವೇ ಮೊದಲು ಮಹಾರಾಜನ ನೆತ್ತಿಯ ಮೇಲೆ ಬರಿದಾಯಿತು. ಜನ ಒಣಗಿದ ಬಾಯಲ್ಲೇ ಜೈಕಾರ ಹಾಕಿದರು. ಖಾಲಿ ಕೊಡವನ್ನಾದರೂ ಕೊಡಿ ಎಂದಳು ಸಾಕವ್ವ. ಅದು ಈಗ ಸರ್ಕಾರದ ಸ್ವತ್ತು ಎಂದರು ಭಟರು.