ಮೂರು ಬಣ್ಣದ ಬಾಣಂತಿ

ನಮ್ಮ ದೊಡ್ಡಮ್ಮನ ಕೈಯಲ್ಲಿ ಬಾಣಂತನ ಮಾಡಿಸಿಕೊಳ್ಳಲು ಹೆರಿಗೆ ಆಗಿರಲೇಬೇಕು ಅಂತೇನೂ ಇಲ್ಲ. ಮನುಷ್ಯರಾಗಿರಬೇಕು ಅಂತಲೂ ಇಲ್ಲ! ಹೊಳೆನರಸೀಪುರದ ಅವಳ ಮನೆಯ ಕತ್ತಲೆ ಕೋಣೆಯಲ್ಲಿ ನಮ್ಮ ನೆಂಟರಿಷ್ಟರ ಅರ್ಧ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು, ಸಾಂಬ್ರಾಣಿ ಹೊಗೆ ಕುಡಿದು, ಮೆಣಸಿನ ಸಾರು ಉಂಡು ಗುಂಡಗಾಗಿ ಎದ್ದು ಹೋಗಿದ್ದಾರೆ. ನಾನೂ ಎರಡು ಸಲ ಎದ್ದು ಹೋಗಿದ್ದೇನೆ. ಈಗ ಅದೇ ಕೋಣೆಯಲ್ಲಿ ಬೀದಿ ಬೆಕ್ಕುಗಳು ಮಲಗುತ್ತವೆ. ಅದೂ ಎಂಥ ಬೆಕ್ಕುಗಳು? ಇನ್ನು ಮರಿಯೇ ಹಾಕದಂತೆ ಆಪರೇಷನ್ ಮಾಡಿಸಿಕೊಂಡು ಬಂದವು!

ಶುರುವಾದದ್ದು ಹಿತ್ತಲ ಸೌದೆ ಒಟ್ಟಿಲಲ್ಲಿದ್ದ ಒಂದು ಮೂರು ಬಣ್ಣದ ಬೆಕ್ಕಿನಿಂದ. ಯಾರ ಕೈಗೂ ಸಿಗದ್ದು, ಹತ್ತಿರ ಹೋದರೆ ಬುಸ್ ಅನ್ನುವಂಥದ್ದು. ವರ್ಷಕ್ಕೆ ಮೂರು ಸಲ ಮರಿ ಹಾಕಿ ಹಾಕಿ ಮೂಳೆ ಚಕ್ಕಳವಾಗಿತ್ತು. ಮರಿಗಳು ಒಂದೂ ಉಳಿಯುತ್ತಿರಲಿಲ್ಲ. ಹಾಸನದಲ್ಲಿ ಇಂಥ ಬೆಕ್ಕುಗಳಿಗೆ ಆಪರೇಷನ್ ಮಾಡುತ್ತಾರೆ ಅಂತ ನಾನು ಬಾಯಿ ತಪ್ಪಿ ಹೇಳಿದ್ದೇ ತಡ, ಬೋನು ತರಿಸು ಅಂತ ದೊಡ್ಡಮ್ಮ ಪಟ್ಟು ಹಿಡಿದಳು. ಹಿಡಿದು ಹಾಸನಕ್ಕೆ ಒಯ್ದು ಮಾಡಿಸಿದ್ದೂ ಆಯಿತು.

ಬೋನು ಕೈಗೆ ಕೊಡುತ್ತಾ ಡಾಕ್ಟರು ಹೇಳಿದರು: “ಕತ್ತಲೆ ಇರೋ ಕಡೆ ಇಡಿ. ಬೋನಿನ ಮೇಲೆ ಬಟ್ಟೆ ಹೊದಿಸಿ. ಬೆಚ್ಚಗಿರಬೇಕು, ಗಲಾಟೆ ಕೂಡದು. ಐದು ದಿನ ನೋಡಿಕೊಂಡು, ಹಿಡಿದ ಜಾಗದಲ್ಲೇ ಬಿಡಿ.”

ದೊಡ್ಡಮ್ಮನ ಮುಖ ಅರಳಿತು. “ಅದ್ಯಾಕ್ ಸಾ ಇಷ್ಟುದ್ದ ಏಳ್ತೀರಿ? ಬಾಣಂತನ ಅನ್ನಿ, ಆಯ್ತು!”

ವಾಪಸು ಬಸ್ಸಿನಲ್ಲಿ ಬೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಂಡಕ್ಟರ್ ಬಂದ.

“ಏನಜ್ಜಿ, ಕೋಳಿನಾ?”

“ಬಾಣಂತಿ ಕಣಪ್ಪ. ಆ ಕಿಟಕಿ ಆಕು, ಗಾಳಿ ಒಡೀತದೆ.”

“ಲಗೇಜ್ ಟಿಕೆಟ್ ಆಯ್ತದೆ.”

“ಎಂಗಸ್ರಿಗೆ ಫ್ರೀ ಅಲ್ವೇನಪ್ಪ? ಇವ್ಳೂ ಎಂಗ್ಸೇ.”

“ಅಂಗಾರೆ ಆಧಾರ್ ತೋರ್ಸಿ!”

ದೊಡ್ಡಮ್ಮ ಬಟ್ಟೆಯ ತುದಿ ಎತ್ತಿ ಬೆಕ್ಕಿನ ಎಡಗಿವಿ ತೋರಿಸಿದಳು. ಆಪರೇಷನ್ ಆದ ಗುರುತಿಗೆ ಕಿವಿಯ ತುದಿಯನ್ನು ಚೂರು ಕತ್ತರಿಸಿರುತ್ತಾರೆ. “ನೋಡು, ಡಾಕ್ಟ್ರೇ ಗುರ್ತು ಮಾಡವ್ರೆ. ಕಾರ್ಡಾದ್ರೆ ಕಳ್ದೋಯ್ತದೆ, ಇದು ಓಗಲ್ಲ.” ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ತಾನೇ ಬಗ್ಗಿ ಕಿಟಕಿ ಹಾಕಿದ.

ಮನೆಗೆ ಬಂದ ಮೇಲೆ ದೊಡ್ಡಮ್ಮನನ್ನು ಹಿಡಿಯುವವರು ಯಾರು? ಸಾಂಬ್ರಾಣಿ ಹಾಕಿದಳು, ಬೆಕ್ಕು ಸೀನಿದ ರಭಸಕ್ಕೆ ಎಲ್ಲಿ ಹೊಲಿಗೆ ಬಿಚ್ಚೀತೋ ಅಂತ ನಾನು ಕೆಂಡವನ್ನು ಹಿತ್ತಲಿಗೆ ಒಯ್ದೆ. ಬೆಳ್ಳುಳ್ಳಿ ಸುಡಲು ಕೂತಳು. ಅದು ಬೆಕ್ಕಿಗೆ ವಿಷ ಅಂತ ಕಿತ್ತುಕೊಂಡೆ. “ವಿಸವಾ? ನೀನು ಎಲ್ಡು ಸಲ ತಿಂದು ಬದ್ಕಿಲ್ವ?” ಅಂದಳು. ಬಾಣಂತಿಯ ಹೊಟ್ಟೆ ಜೋತುಬೀಳುತ್ತದೆ, ಬಟ್ಟೆ ಬಿಗಿಯಲೇಬೇಕು ಅಂತ ನಾನಿಲ್ಲದ ಹೊತ್ತು ನೋಡಿ ಬೋನಿನೊಳಗೆ ಕೈ ಹಾಕಿದಳು. ಬೆಕ್ಕಿನ ಹೊಟ್ಟೆಗೆ ಕಟ್ಟಬೇಕಾದ ಬಟ್ಟೆಯನ್ನು ಅವಳ ಮೊಣಕೈಗೆ ಕಟ್ಟಿಕೊಂಡು ಇಬ್ಬರೂ ಇಂಜೆಕ್ಷನ್ನಿಗೆ ಓಡಿದೆವು.

ಆದರೆ ಮೂರನೇ ದಿನಕ್ಕೆ ನಗು ನಿಂತುಹೋಯಿತು. ಬೆಕ್ಕು ಒಂದು ಅಗುಳನ್ನೂ ಮುಟ್ಟಿರಲಿಲ್ಲ. ಹಾಲನ್ನ, ಮೊಸರನ್ನ, ಬೆಣ್ಣೆ, ಯಾವುದಕ್ಕೂ ಮೂತಿ ಇಡಲಿಲ್ಲ. ಫೋನಿನಲ್ಲಿ ಡಾಕ್ಟರು, “ಇವತ್ತು ತಿನ್ನದಿದ್ದರೆ ಉಳಿಯೋದು ಕಷ್ಟ. ಮೀನು ಬೇಯಿಸಿ ಇಡಿ, ವಾಸನೆಗಾದರೂ ಬಾಯಿ ಹಾಕುತ್ತೆ” ಅಂದರು.

ಮೀನು! ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಮೊಟ್ಟೆ ಹಾಕಿದ ಕೇಕು ಅಂತ ಗೊತ್ತಾಗಿ ನನ್ನ ಮಗನ ಹುಟ್ಟುಹಬ್ಬವನ್ನೇ ಬೀದಿಗೆ ಸಾಗಿಸಿದವಳು ದೊಡ್ಡಮ್ಮ. ನಾನೇ ತಂದು ಬೇಯಿಸುತ್ತೇನೆ ಅಂದೆ.

“ನನ್ ಬಾಣಂತಿ ಪಥ್ಯವ ಬ್ಯಾರೆಯೋರ್ ಕೈಗೆ ಬುಟ್ಟೋಳಲ್ಲ ನಾನು,” ಅಂದವಳೇ ಕೊಡೆ ತೆಗೆದುಕೊಂಡು ಹೊರಟಳು. ಬಿಸಿಲಿರಲಿಲ್ಲ, ಮಳೆಯಿರಲಿಲ್ಲ, ಕೊಡೆ ಮುಖ ಮುಚ್ಚಿಕೊಳ್ಳುವುದಕ್ಕೆ!

ಹೊಳೆ ದಂಡೆಯ ಮೀನಿನವನು ಕೊಡೆಯ ಕೆಳಗೆ ಬಗ್ಗಿ ನೋಡಿ, “ಅಯ್ಯೋ, ನೀವಾ ಅಮ್ಮಾರೆ! ಯಾವ್ ಮೀನು ಕೊಡ್ಲಿ?” ಅಂತ ಊರಿಗೆಲ್ಲ ಕೇಳುವಂತೆ ಕೂಗಿದ.

“ಬಾಣಂತಿಗಾಗೋ ಅಂತದ್ದು ಕೊಡಪ್ಪ, ಮುಳ್ಳು ಕಮ್ಮಿ ಇರ್ಲಿ.”

ಮಧ್ಯಾಹ್ನದೊಳಗೆ ಅರಕಲಗೂಡಿನ ನೆಂಟರಿಂದ ಫೋನು: ನಿಮ್ಮ ಮನೆಯಲ್ಲಿ ಯಾರಿಗೆ ಹೆರಿಗೆಯಾಯಿತು, ಬಾಣಂತಿಗೆ ಮೀನು ಹಾಕುವಂಥ ಕಾಲ ಬಂತಾ? ಚನ್ನರಾಯಪಟ್ಟಣದ ಅತ್ತೆ ಏನೂ ಕೇಳದೆ ಕುಲಾವಿ ಹೊಲಿಯಲು ಕೂತಿದ್ದಳಂತೆ.

ಅಷ್ಟು ಹೊತ್ತಿಗೆ ದೊಡ್ಡಮ್ಮ ಹಿತ್ತಲಲ್ಲಿ ಮೂರು ಇಟ್ಟಿಗೆ ಹೂಡಿ, ಮೂಗಿಗೆ ಸೆರಗು ಒತ್ತಿಕೊಂಡು, ಶಿವಶಿವಾ ಅನ್ನುತ್ತಾ ಮೀನು ಬೇಯಿಸುತ್ತಿದ್ದಳು. ಮುಖ ಆಚೆ ತಿರುಗಿತ್ತು, ಬೆರಳುಗಳು ಮಾತ್ರ ಒಂದೊಂದೇ ಮುಳ್ಳು ಬಿಡಿಸುತ್ತಿದ್ದವು. ತಟ್ಟೆಯನ್ನು ಬೋನಿನೊಳಗೆ ಸರಿಸಿ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತೆವು. ತುಂಬಾ ಹೊತ್ತಾದ ಮೇಲೆ ನೆಕ್ಕುವ ಸದ್ದು ಕೇಳಿಸಿತು. ದೊಡ್ಡಮ್ಮ ನನ್ನ ಕೈಯನ್ನು ನೋಯುವ ಹಾಗೆ ಹಿಡಿದುಕೊಂಡಳು. ಆಮೇಲೆ ಹೋಗಿ ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಿದಳು. ಉಳಿದ ಎರಡು ದಿನವೂ ಅದೇ ಮೀನು, ಅದೇ ಸ್ನಾನ.

ಬಿಡುವ ದಿನ ಬೋನಿನ ಬಾಗಿಲು ತೆಗೆದದ್ದೇ ಬೆಕ್ಕು ಒಂದೇ ನೆಗೆತಕ್ಕೆ ಸೌದೆ ಒಟ್ಟಿಲು ಹತ್ತಿ, ನಮ್ಮತ್ತ ತಿರುಗಿ ಬುಸ್ ಅಂದಿತು. ಬಾಣಂತನ ಮುಗಿಸಿ ಹೊರಟವರಿಗೆಲ್ಲ ದೊಡ್ಡಮ್ಮ ಹೇಳುವುದು ಒಂದೇ ಮಾತು: ಬರೋ ವರ್ಷ ಇನ್ನೊಂದು ಎತ್ಕೊಂಡ್ ಬಾ. “ಇವಳಿಗೂ ಹೇಳು ದೊಡ್ಡಮ್ಮ,” ಅಂತ ರೇಗಿಸಿದೆ.

ಅವಳು ನಗಲಿಲ್ಲ.

“ನಮ್ಮವ್ವ ಏಳನೇ ಬಾಣಂತನದಾಗೆ ಓಗ್ಬುಟ್ಲು ಕಣೆ. ನಂಗಾಗ ಎಂಟು ವರ್ಸ. ಇದ್ದದ್ದೆಲ್ಲ ನಮ್ಗೆ ಇಕ್ಬುಟ್ಟು ಬರೀ ಗಂಜಿ ಕುಡ್ಕೊಂಡ್ ಮನಿಕೊಳೋಳು. ಸಾಕು ಕಣವ್ವ ನಿಂಗೆ ಅಂತ ಒಬ್ರೂ ಅನ್ನಿಲ್ಲ.”

ದೊಡ್ಡಮ್ಮ ಸೌದೆ ಒಟ್ಟಿಲ ಹತ್ತಿರ ಹೋಗಿ, ಇನ್ನೂ ಹಲ್ಲು ಕಿರಿಯುತ್ತಿದ್ದ ಆ ಬೆಕ್ಕಿಗೆ ಮೆಲ್ಲಗೆ ಹೇಳಿದಳು:

“ಸಾಕು ಕಣವ್ವ. ಇನ್ ಮ್ಯಾಲೆ ನೀನು ಉಣ್ಣು.”